ಅಮೃತಶಿಲೆಗೆ ಹುಳಿಯೇ ವಿಷ
(ಮನೆಯ ಮಾರ್ಬಲ್ ನೆಲದ ಶುದ್ಧಿ ಮತ್ತು ಪಾಲನೆ)



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ, ಸಾಲದ ಕಂತು ಇವುಗಳ ವಿಷಯವನ್ನು. ಈ ಸಲ ಮನೆಯ ನೆಲದ ಮಾತನ್ನು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ, ಜಗಲಿಗೋ ನಡುಮನೆಗೋ ದೇವರ ಮನೆಗೋ ಅಮೃತಶಿಲೆ ಹಾಕಿಸಿದ್ದಾರೆ. ಸಂಘದ ಕಚೇರಿಗೆ ಬಂದವರು ಧಾರಣೆ ಕೇಳಿ ಮುಗಿದ ಮೇಲೆ, "ಕಾರ್ಯದರ್ಶಿಗಳೇ, ಮಾರ್ಬಲ್ಲಿನ ಕಲೆ ಹೋಗುವುದಕ್ಕೆ ಏನು ಹಾಕಬೇಕು?" ಎಂದು ಕೇಳುವುದುಂಟು. ಏನು ಹಾಕಬೇಕೆಂಬುದಕ್ಕಿಂತ ಏನು ಹಾಕಬಾರದೆಂಬುದೇ ಇಲ್ಲಿ ಮುಖ್ಯವಾದದ್ದು. ಈ ಮಾತನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ, ನಷ್ಟಪಟ್ಟು ಕಲಿತೆವು. ಆದ್ದರಿಂದ ಮೊದಲು ಆ ಸಂಗತಿಯನ್ನೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಆದದ್ದು

ನಮ್ಮ ದೇವರ ಮನೆಗೆ ಬಿಳಿ ಅಮೃತಶಿಲೆ ಹಾಕಿಸಿ ಕೆಲವು ವರ್ಷಗಳಾಗಿವೆ. ಹಾಕಿಸಿದ ಎರಡನೆಯ ವರ್ಷವೇ ದೀಪದ ಕಂಬಗಳನ್ನಿಡುವ ಜಾಗದಲ್ಲಿ ಉಂಗುರದಂತಹ ಮಂಕು ಗುರುತುಗಳು ಕಾಣಿಸಿಕೊಂಡವು. ಎಷ್ಟು ಒರೆಸಿದರೂ ಹೋಗಲಿಲ್ಲ. ಎಣ್ಣೆಯ ಕಲೆಯಿರಬೇಕೆಂದು ನಾವೇ ತೀರ್ಮಾನಿಸಿ, ದೀಪಾವಳಿಗೆ ಮುಂಚೆ ಪೇಟೆಯಿಂದ ಪಾಯಿಖಾನೆ ತೊಳೆಯುವ ಆ್ಯಸಿಡ್ಡಿನ ಬಾಟಲಿಯೊಂದನ್ನು ತಂದು ಮನೆಗೆಲಸದಾಕೆಯ ಕೈಗೆ ಕೊಟ್ಟೆವು. ಆಕೆ ಹೇಳಿದಂತೆಯೇ ಮಾಡಿದಳು. ಕಲ್ಲಿನ ಮೇಲೆ ಬುಸುಬುಸು ನೊರೆ ಎದ್ದಿತು. ಕೊಳೆ ಬಿಡುತ್ತಿದೆಯೆಂದು ನಾವು ಸಂತೋಷಪಟ್ಟೆವು. ನೀರು ಹಾಕಿ ಒರೆಸಿ ಒಣಗಿದ ಮೇಲೆ ನೋಡಿದರೆ ಉಂಗುರಗಳೇನೋ ಇರಲಿಲ್ಲ, ಆದರೆ ಅಷ್ಟಗಲ ನೆಲವೆಲ್ಲ ಸೀಮೆಸುಣ್ಣ ಬಳಿದಂತೆ ಹೊಳಪುಗೆಟ್ಟಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ಆ್ಯಸಿಡ್ಡನ್ನು ಬಚ್ಚಲಿಗೆ ಹಾಕಲು ಹೇಳಿದೆವು. ಅಲ್ಲಿ ಪಾಚಿಗೆಂದು ಬೆಳಿಗ್ಗೆಯೇ ಬ್ಲೀಚಿಂಗ್ ಪೌಡರ್ ಎರಚಿದ್ದುದು ಯಾರಿಗೂ ನೆನಪಿರಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆ, "ಅಮ್ಮಾ, ಉಸಿರು ಕಟ್ತದೆ" ಎನ್ನುತ್ತ ಬಾಗಿಲಿಗೆ ಬಂದು ಕುಸಿದು ಕುಳಿತಳು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇರಿಸಿಕೊಂಡು ಕಳುಹಿಸಿದರು. ದೇವರ ದಯೆಯಿಂದ ಗುಣವಾಯಿತು. ಸಿಂಪರಣೆಯ ಕಾಲದಲ್ಲಿ "ಡಬ್ಬದ ಚೀಟಿ ಓದಿ, ಎರಡು ಔಷಧಿ ಬೆರೆಸುವ ಮುಂಚೆ ವಿಚಾರಿಸಿ" ಎಂದು ಇದೇ ಪತ್ರಿಕೆಯಲ್ಲಿ ಬರೆದವರು ನಾವು. ನಮ್ಮ ಮನೆಯ ಬಾಟಲಿಯ ಚೀಟಿಯನ್ನು ನಾವೇ ಓದಿರಲಿಲ್ಲ. ತಪ್ಪು ಆಕೆಯದಲ್ಲ, ಕೆಲಸ ಹೇಳಿದ ನಮ್ಮದು.

ತೋಟದ ಸುಣ್ಣ, ಮನೆಯ ಕಲ್ಲು

ಅಮೃತಶಿಲೆಯೆಂದರೇನು? ಭೂಮಿಯ ಒಳಗೆ ಸುಣ್ಣದ ಕಲ್ಲು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದಾಗ ಅಮೃತಶಿಲೆಯಾಗುತ್ತದೆ. ಅದರ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ತೋಟಕ್ಕೆ ಹಾಕುವ ಕೃಷಿ ಸುಣ್ಣದಲ್ಲಿರುವುದೂ ಇದೇ. ಮಣ್ಣು ಪರೀಕ್ಷೆಯಲ್ಲಿ ರಸಸಾರ 5ರ ಹತ್ತಿರ ಬಂದರೆ ಸುಣ್ಣ ಹಾಕಿ ಅದನ್ನು 6ರ ಮೇಲಕ್ಕೆ ತರಲು ಪ್ರಯತ್ನಿಸುತ್ತೇವಷ್ಟೆ? ಅಲ್ಲಿ ಆಗುವುದೇನು? ಮಣ್ಣಿನ ಹುಳಿಯು ಸುಣ್ಣವನ್ನು ಕರಗಿಸುತ್ತದೆ. ಕರಗುತ್ತ ಸುಣ್ಣವು ಹುಳಿಯನ್ನು ಮುರಿಯುತ್ತದೆ. ತೋಟದಲ್ಲಿ ನಾವು ಬೇಕೆಂದು ಮಾಡಿಸುವ ಈ ಕೆಲಸವೇ ಮನೆಯ ನೆಲದ ಮೇಲೆ ನಡೆದರೆ ಕಲ್ಲು ಕರಗಿ ಹೋಗುತ್ತದೆ. ನಮ್ಮ ದೇವರ ಮನೆಯಲ್ಲಿ ಎದ್ದ ನೊರೆ ಕೊಳೆಯದಲ್ಲ. ಕಲ್ಲೇ ಕರಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಏಳುತ್ತಿದ್ದುದು.

ಲೆಕ್ಕ ಬೇಕೆನ್ನುವವರಿಗೆ ಒಂದು ಲೆಕ್ಕ. 73 ಗ್ರಾಂ ಶುದ್ಧ ಹೈಡ್ರೊಕ್ಲೋರಿಕ್ ಆಮ್ಲವು 100 ಗ್ರಾಂ ಅಮೃತಶಿಲೆಯನ್ನು ಪೂರ್ತಿ ಕರಗಿಸಬಲ್ಲುದು. ಶೇಕಡ 10ರ ಆ್ಯಸಿಡ್ ಒಂದು ಲೀಟರು ಸುರಿದರೆ 130 ಗ್ರಾಂಗೂ ಮಿಕ್ಕಿ ಕಲ್ಲು ಹೋಯಿತೆಂದೇ ಅರ್ಥ. ಹೊಳಪೆಂಬುದು ಕಲ್ಲಿನ ತೀರ ಮೇಲಿನ ತೆಳು ಪದರದಲ್ಲಿ ಇರುವುದರಿಂದ ಅದರ ನೂರರಲ್ಲೊಂದು ಪಾಲು ಹೋದರೂ ಮಂಕು ಕಾಣುತ್ತದೆ.

ಹುಳಿಯೆಂದರೆ ಬಾಟಲಿಯ ಆ್ಯಸಿಡ್ ಮಾತ್ರವಲ್ಲ. ನಿಂಬೆಯ ರಸ, ಹುಣಸೆ ಹಣ್ಣು, ಮುರುಗಲು, ವಿನೆಗರ್ ಇವುಗಳ ರಸಸಾರ ಸುಮಾರು 2ರಿಂದ 3. ಮಜ್ಜಿಗೆಯದು 4ರ ಆಸುಪಾಸು. ರಸಸಾರದಲ್ಲಿ ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆಂಬುದನ್ನು ಮಣ್ಣು ಪರೀಕ್ಷೆಯ ಸಂದರ್ಭದಲ್ಲಿ ಹಿಂದೆ ಬರೆದಿದ್ದೆವು. ಆ ಪ್ರಕಾರ ರಸಸಾರ 2 ಇರುವ ನಿಂಬೆಯ ರಸವು ರಸಸಾರ 5 ಇರುವ ಮಣ್ಣಿಗಿಂತ ಸಾವಿರ ಪಟ್ಟು ಹುಳಿ. ಬೋರ್ಡೋ ತಯಾರಿಗೆ ಕರಗಿಸಿದ ಮೈಲುತುತ್ತದ ನೀರೂ ಹುಳಿಯೇ. ಸುಣ್ಣ ಬೆರೆಸಿದ ಮೇಲಷ್ಟೆ ಅದು ಸೌಮ್ಯವಾಗುವುದು. ಅದನ್ನು ಜಗಲಿಯ ಅಮೃತಶಿಲೆಯ ಮೇಲೆ ಚೆಲ್ಲಿದರೆ ಕಲ್ಲೂ ಮಂಕಾದೀತು, ಹಸಿರು ನೀಲಿಯ ಕಲೆಯೂ ಉಳಿದೀತು.

ಈಗ ದೀಪದ ಕಂಬದ ಉಂಗುರಗಳ ಗುಟ್ಟು ಬಯಲಾಯಿತು. ಹಿತ್ತಾಳೆಯ ದೀಪಗಳನ್ನು ಹುಣಸೆ ಹಣ್ಣಿನಲ್ಲಿ ತಿಕ್ಕಿ, ಅಷ್ಟಿಷ್ಟು ತೊಳೆದು, ಒದ್ದೆಯಲ್ಲೇ ತಂದು ಕಲ್ಲಿನ ಮೇಲಿಡುತ್ತಿದ್ದೆವು. ಪಾದದಲ್ಲಿ ನಿಂತ ಹುಳಿನೀರು ಕಲ್ಲನ್ನು ತಿಂದಿತ್ತು. ನಮ್ಮ ಹಿರಿಯರೂ ಹೀಗೆಯೇ ಮಾಡುತ್ತಿದ್ದರಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅವರ ದೇವರ ಮನೆಯಲ್ಲಿದ್ದುದು ಸಗಣಿ ಸಾರಿಸಿದ ನೆಲ, ಇಲ್ಲವೇ ಗಟ್ಟಿ ಕಪ್ಪುಕಲ್ಲು. ಆ ಕಲ್ಲಿಗೆ ಹುಣಸೆ ಹುಳಿ ಏನನ್ನೂ ಮಾಡದು. ನೆಲ ಬದಲಾಯಿತು, ನಮ್ಮ ರೂಢಿ ಬದಲಾಗಲಿಲ್ಲ. ಮನೆಮನೆಯ ನೆಲ ಕೆಡುತ್ತಿರುವುದು ಹೆಚ್ಚಾಗಿ ಇದರಿಂದಲೇ.

ನಿಮ್ಮ ಮನೆಯ ಕಲ್ಲು ಯಾವುದು?

ಮೊದಲು ಇದನ್ನು ತಿಳಿಯಬೇಕು. ಕೆಲಸ ಮುಗಿದ ಮೇಲೆ ಉಳಿದ ಕಲ್ಲಿನ ಚೂರು ಹಿತ್ತಿಲಲ್ಲಿ ಬಿದ್ದಿದ್ದರೆ ಅದರ ಮೇಲೆ ನಾಲ್ಕು ಹನಿ ನಿಂಬೆ ರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದಾಗ ಮಂಕು ಮಚ್ಚೆ ಕಂಡರೆ ಅದು ಸುಣ್ಣದ ಜಾತಿಯ ಕಲ್ಲು. ಏನೂ ಆಗದಿದ್ದರೆ ಗ್ರಾನೈಟು ಅಥವಾ ಟೈಲ್ಸು. ಚೂರು ಇಲ್ಲದಿದ್ದರೆ ಕಪಾಟಿನ ಅಡಿಯ ಮೂಲೆಯಲ್ಲಿ ಒಂದೇ ಹನಿ ಹಾಕಿ ನೋಡಬಹುದು.

ಶಹಾಬಾದ್ ಕಲ್ಲು, ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಇವು ಅಮೃತಶಿಲೆಯಲ್ಲದಿದ್ದರೂ ಸುಣ್ಣದ ಕಲ್ಲುಗಳೇ. ಹಳೆಯ ಮನೆಗಳ ಮೊಸಾಯಿಕ್ ನೆಲದಲ್ಲಿರುವುದು ಸಿಮೆಂಟಿನಲ್ಲಿ ಕೂಡಿಸಿದ ಅಮೃತಶಿಲೆಯ ಚೂರುಗಳು. ಕೆಂಪು ಕಾವಿಯ ನೆಲವೂ ಸಿಮೆಂಟಿನದಾದರೆ ಆ್ಯಸಿಡ್ಡಿಗೆ ಕರಗುತ್ತದೆ. ಆದ್ದರಿಂದ ಈ ಲೇಖನದ ಎಚ್ಚರಿಕೆ ಅಮೃತಶಿಲೆ ಹಾಕಿಸಿದವರಿಗೆ ಮಾತ್ರವೆಂದು ಯಾರೂ ಪುಟ ಮಗುಚಬಾರದು.

ಕಲೆ ಬೇರೆ, ಹುಳಿ ತಿಂದದ್ದು ಬೇರೆ

ನೆಲದ ಮೇಲೆ ಗುರುತು ಕಂಡೊಡನೆ ಏನಾದರೂ ಹಚ್ಚಿ ತಿಕ್ಕುವುದು ರೋಗ ತಿಳಿಯದೆ ಔಷಧಿ ಹೊಡೆದಂತೆ. ಮೊದಲು ರೋಗವನ್ನು ಗುರುತಿಸಬೇಕು.

ಕಲೆಯೆಂದರೆ ಬೇರೊಂದು ಬಣ್ಣ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದಿರುವುದು. ಅದು ಸುತ್ತಲಿನ ಕಲ್ಲಿಗಿಂತ ಗಾಢವಾಗಿ ಕಾಣುತ್ತದೆ. ಓರೆಯಿಂದ ನೋಡಿದರೆ ಮೇಲಿನ ಹೊಳಪು ಹಾಗೆಯೇ ಇರುತ್ತದೆ. ಇಂತಹ ಕಲೆಯನ್ನು ಹೊರಗೆಳೆಯಬಹುದು.

ಹುಳಿ ತಿಂದ ಗುರುತು ಸಾಮಾನ್ಯವಾಗಿ ಸುತ್ತಲಿಗಿಂತ ಬೆಳ್ಳಗೆ, ಮಂಕಾಗಿರುತ್ತದೆ. ಬೆರಳಾಡಿಸಿದರೆ ಸ್ವಲ್ಪ ಒರಟು. ಓರೆಯಿಂದ ನೋಡಿದರೆ ಅಲ್ಲಿ ಮಾತ್ರ ಹೊಳಪಿಲ್ಲ. ಇದನ್ನು ಯಾವ ಸೋಪೂ ಯಾವ ಲೇಪವೂ ಸರಿಮಾಡದು, ಏಕೆಂದರೆ ತೆಗೆಯಬೇಕಾದ ವಸ್ತು ಅಲ್ಲಿ ಏನೂ ಇಲ್ಲ. ಇರಬೇಕಾದ ಕಲ್ಲೇ ಹೋಗಿದೆ. ಇದಕ್ಕೆ ಮತ್ತೆ ಪಾಲಿಶ್ ಮಾಡಿಸುವುದೊಂದೇ ಮಾರ್ಗ. ನಾವು ಮಾಡಿದ ತಪ್ಪು ಇಲ್ಲಿಯೇ. ಹುಳಿ ತಿಂದದ್ದನ್ನು ಕಲೆಯೆಂದು ಭಾವಿಸಿ ಇನ್ನಷ್ಟು ಹುಳಿಯನ್ನೇ ಉಣಿಸಿದೆವು.

ನಿತ್ಯದ ಶುದ್ಧಿ

ಅಮೃತಶಿಲೆ ಮೆತು ಕಲ್ಲು. ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಇದರ ಸ್ಥಾನ 3. ಮರಳಿನ ಕಣದ್ದು 7. ತೋಟದಿಂದ ಕಾಲಿಗೆ ಅಂಟಿ ಬರುವ ಮಣ್ಣಿನಲ್ಲಿ ಮರಳಿನ ಕಣಗಳಿರುವುದರಿಂದ ಒಳಗೆ ನಡೆದಾಡಿದಷ್ಟೂ ಅದು ನೆಲವನ್ನು ಅರದಂತೆ ಉಜ್ಜುತ್ತದೆ. ಆದ್ದರಿಂದ ಅಮೃತಶಿಲೆಯ ಪಾಲನೆ ಪ್ರಾರಂಭವಾಗುವುದು ಹೊಸಿಲಿನ ಹೊರಗೆ. ಕಾಲು ತೊಳೆದು ಒಳಗೆ ಬರುವ ನಮ್ಮ ಹಳೆಯ ಪದ್ಧತಿಯನ್ನು ಬಿಡದಿರೋಣ. ಬಾಗಿಲ ಹೊರಗೊಂದು ಒರಟು ನಾರಿನ ಕಾಲೊರಸು, ಒಳಗೊಂದು ಬಟ್ಟೆಯ ಕಾಲೊರಸು ಇರಲಿ.

1. ಮೊದಲು ಮೃದುವಾದ ಪೊರಕೆಯಿಂದ ಒಣಗುಡಿಸಿ ಮರಳನ್ನು ಪೂರ್ತಿ ತೆಗೆಯಿರಿ. ಗುಡಿಸದೆ ಒದ್ದೆ ಬಟ್ಟೆ ಎಳೆದರೆ ಮರಳನ್ನು ಹಿಡಿದು ಉಜ್ಜಿದಂತೆಯೇ ಆಗುತ್ತದೆ.

2. ದಿನನಿತ್ಯಕ್ಕೆ ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ವಾರಕ್ಕೊಮ್ಮೆ ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪು ಒಂದು ಚಮಚ ಬೆರೆಸಿ ಒರೆಸಬಹುದು. ಆದರೆ ಆ ಸೋಪಿನ ಚೀಟಿಯಲ್ಲಿ ನಿಂಬೆಯ ರಸ ಅಥವಾ ವಿನೆಗರ್ ಸೇರಿದೆಯೆಂದು ಬರೆದಿದ್ದರೆ ಅದು ಬೇಡ.

3. ಸೋಪಿನ ನಂತರ ಬೇರೆ ಬಕೆಟಿನ ಶುದ್ಧ ನೀರಿನಲ್ಲಿ ಎರಡು ಸಲ ಒರೆಸಿ. ಸೋಪು ಉಳಿದರೆ ಮೇಲೆ ಮಬ್ಬು ಕಟ್ಟುತ್ತದೆ.

4. ಕಡೆಗೆ ಒಣಬಟ್ಟೆಯಲ್ಲಿ ಒರೆಸಿ. ಬಕೆಟುಗಟ್ಟಲೆ ನೀರು ಸುರಿದು ತೊಳೆಯುವುದು ಬೇಡ. ಸಂದುಗಳಲ್ಲಿ ಇಳಿದ ನೀರು ಕಲ್ಲಿನೊಳಗಿನ ಕಬ್ಬಿಣದ ಅಂಶವನ್ನು ತುಕ್ಕಾಗಿಸಿ ಹಳದಿ ಬಣ್ಣ ತರುವುದುಂಟು. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗ ಒಣಗುವುದೂ ಇಲ್ಲ.

ಬೂದಿ, ಪಾತ್ರೆ ತಿಕ್ಕುವ ಪುಡಿ, ಉಕ್ಕಿನ ನಾರು ಇವುಗಳನ್ನು ಅಮೃತಶಿಲೆಗೆ ತಾಗಿಸಲೇಬಾರದು. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಅದೂ ಗೀರುತ್ತದೆ.

ದೇವರ ಮನೆಯಲ್ಲಿ ದೀಪದ ಕಂಬಗಳ ಅಡಿಗೆ ತಟ್ಟೆಯನ್ನಿಡಿ. ಅಭಿಷೇಕದ ಮೊಸರು ಮತ್ತು ಹಣ್ಣಿನ ರಸ ಚೆಲ್ಲದಂತೆ ಅಗಲವಾದ ಹರಿವಾಣವಿರಲಿ. ಹುಣಸೆ ಹಾಕಿ ತಿಕ್ಕಿದ ಪಾತ್ರೆಗಳನ್ನು ಚೆನ್ನಾಗಿ ತೊಳೆದು ಒರೆಸಿದ ಮೇಲಷ್ಟೆ ಒಳಗೆ ತನ್ನಿ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ತೊಂದರೆ ತಪ್ಪಿತು. ಅಡಿಗೆಮನೆಯ ಕಟ್ಟೆಗಂತೂ ಅಮೃತಶಿಲೆಗಿಂತ ಕಪ್ಪು ಗ್ರಾನೈಟೇ ಲೇಸು.

ಕಲೆ ತೆಗೆಯುವ ಲೇಪ

ಕಲ್ಲಿಗೆ ಇಳಿದ ಕಲೆಯನ್ನು ತಿಕ್ಕಿ ತೆಗೆಯಲಾಗದು, ಹೀರಿ ತೆಗೆಯಬೇಕು. ಆಗ್ರಾದ ತಾಜಮಹಲಿಗೂ ಇದೇ ಉಪಚಾರ. 1632ರಲ್ಲಿ ಪ್ರಾರಂಭವಾದ ಆ ಕಟ್ಟಡದ ಬಿಳಿಯ ಕಲ್ಲು ರಾಜಸ್ಥಾನದ ಮಕ್ರಾನಾದ್ದು. ಹೊಗೆ ಧೂಳುಗಳಿಂದ ಅದು ಹಳದಿಗೆ ತಿರುಗಿದಾಗ ಪುರಾತತ್ತ್ವ ಇಲಾಖೆಯವರು 1994ರಿಂದ ಆಗಾಗ ಮುಲ್ತಾನಿ ಮಣ್ಣಿನ ಲೇಪ ಕೊಟ್ಟು, ಒಣಗಿದ ಮೇಲೆ ನೀರಿನಿಂದ ತೊಳೆಯುತ್ತ ಬಂದಿದ್ದಾರೆ. ಕಲ್ಲಿದ್ದಲ ಹೊಗೆಯ ಗಂಧಕದ ಅನಿಲವೂ ಮಳೆ ಇಬ್ಬನಿಗಳಲ್ಲಿ ಸೇರಿ ಹುಳಿಯಾಗಿ ಈ ಕಲ್ಲನ್ನು ತಿನ್ನುತ್ತದೆ. ಆದ್ದರಿಂದಲೇ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಪ್ರದೇಶದ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಬೇರೆಡೆಗೆ ಹೋಗಬೇಕೆಂದು ಆದೇಶಿಸಿತು. ಚಕ್ರವರ್ತಿಯ ಕಲ್ಲಾದರೇನು, ನಮ್ಮ ಜಗಲಿಯದಾದರೇನು, ಶತ್ರು ಒಂದೇ.

ಮನೆಯಲ್ಲಿ ಲೇಪ ಮಾಡುವ ಕ್ರಮ ಹೀಗಿದೆ. ಮೈದಾ ಹಿಟ್ಟು ಅಥವಾ ವಾಸನೆಯಿಲ್ಲದ ಟಾಲ್ಕ್ ಪುಡಿಗೆ ಕಲೆಗೆ ತಕ್ಕ ದ್ರವ ಬೆರೆಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿರಿ. ಕಲೆಯ ಅಂಚಿಗಿಂತ ಒಂದು ಬೆರಳು ಹೊರಕ್ಕೆ ಬರುವಂತೆ, ಕಾಲು ಅಂಗುಲ ದಪ್ಪಕ್ಕೆ ಹಚ್ಚಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪು ಅಂಟಿಸಿ 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ತಾನಾಗಿ ಒಣಗಲು ಬಿಡಿ. ಒಣಗುವಾಗಲೇ ಅದು ಕಲೆಯನ್ನು ಮೇಲಕ್ಕೆ ಎಳೆಯುವುದು. ಮರದ ಚಕ್ಕೆಯಿಂದ ಎಬ್ಬಿಸಿ ಒರೆಸಿರಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಎಲ್ಲಕ್ಕೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿಕೊಳ್ಳಬೇಕು.

ಕಾಫಿ, ಚಹಾ, ಎಲೆಯಡಿಕೆ, ಚೊಗರು: ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೊಜನ್ ಪೆರಾಕ್ಸೈಡ್‌ನಲ್ಲಿ ಪುಡಿಯನ್ನು ಕಲಸಿ. ಕೈಗೆ ಗವುಸು ಇರಲಿ. ಇದು ಬಣ್ಣ ತೆಗೆಯುವ ವಸ್ತುವಾದ್ದರಿಂದ ಬಿಳಿ ಕಲ್ಲಿಗೆ ಮಾತ್ರ. ಹಸಿರು ಅಥವಾ ಕಪ್ಪು ಕಲ್ಲಿಗೆ ಬೇಡ. ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಮಸಿಯಂತೆ ಕಪ್ಪಾಗುವುದು ನಮಗೆಲ್ಲ ತಿಳಿದದ್ದೇ. ಅಂತಹ ಕಲೆ ತೆಗೆಯುವುದು ಬಹಳ ಕಷ್ಟ. ಹಾಗಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಅಂಗಳದ ಚಪ್ಪರವೇ ಸರಿ, ಜಗಲಿಯ ಅಮೃತಶಿಲೆಯಲ್ಲ.

ದೀಪದ ಎಣ್ಣೆ: ಚೆಲ್ಲಿದೊಡನೆ ಮೈದಾ ಉದುರಿಸಿ, ಹೀರಿದ ಮೇಲೆ ಗುಡಿಸಿ. ಹಳೆಯದಾದರೆ ಅಡಿಗೆ ಸೋಡ ಮತ್ತು ನೀರಿನ ಲೇಪ ಹಾಕಿ.

ಅರಿಸಿನ: ಸೋಪು ಹಾಕಿದೊಡನೆ ಕೆಂಪಾದರೆ ಹೆದರಬೇಕಾಗಿಲ್ಲ. ಕ್ಷಾರಕ್ಕೆ ಅರಿಸಿನ ಕೆಂಪಾಗುವುದು ಸಹಜ. ಸುಣ್ಣ ಬೆರೆಸಿದಾಗ ಆಗುವುದೂ ಅದೇ. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲದು. ಬಿಸಿಲು ಬೀಳುವ ಜಾಗವಾದರೆ ಕೆಲವು ದಿನ ಕಾಯಿರಿ, ಇಲ್ಲವಾದರೆ ಪೆರಾಕ್ಸೈಡ್ ಲೇಪ ಹಾಕಿ.

ತುಕ್ಕು: ಇದಕ್ಕೆ ಮನೆಮದ್ದು ಇಲ್ಲವೆಂದೇ ಹೇಳಬೇಕು. ಅಂಗಡಿಯ ತುಕ್ಕು ತೆಗೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಆಮ್ಲವಿರುತ್ತದೆ. ಕಬ್ಬಿಣದ ಕಪಾಟು, ಮಂಚ, ಗ್ಯಾಸ್ ಸಿಲಿಂಡರ್ ಇವುಗಳ ಅಡಿಗೆ ರಬ್ಬರ್ ಇಟ್ಟು ತುಕ್ಕು ಬಾರದಂತೆ ನೋಡಿಕೊಳ್ಳುವುದೇ ಉಪಾಯ.

ಪಾಲಿಶಿನ ವಿಚಾರ

ಮಂಕಾದ ನೆಲವನ್ನು ಮೆರುಗುಗಾರರು ಯಂತ್ರಕ್ಕೆ ಕಲ್ಲು ಕಟ್ಟಿ, ಒರಟಿನಿಂದ ನುಣುಪಿಗೆ ಹಂತಹಂತವಾಗಿ ನೀರು ಹಾಕಿ ಅರೆದು ಮತ್ತೆ ಹೊಳೆಯುವಂತೆ ಮಾಡಬಲ್ಲರು. ಕಡೆಯ ಹಂತದಲ್ಲಿ ಅವರು ಹಾಕುವ ಬಿಳಿಯ ಪುಡಿ ಆಕ್ಸಾಲಿಕ್ ಆಮ್ಲ. "ಅವರೇ ಆ್ಯಸಿಡ್ ಹಾಕುತ್ತಾರಲ್ಲ, ನಾವೇಕೆ ಹಾಕಬಾರದು?" ಎಂದು ಸದಸ್ಯರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಈ ಆಮ್ಲವು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಪದರವನ್ನು ಕಟ್ಟುತ್ತದೆ, ಯಂತ್ರದ ಒತ್ತಿನಲ್ಲಿ ಅದು ಮೆರುಗಾಗುತ್ತದೆ. ಬಾಟಲಿಯ ಆ್ಯಸಿಡ್ಡಿನಿಂದ ಆಗುವ ವಸ್ತು ಕರಗಿ ತೊಳೆದುಹೋಗುತ್ತದೆ. ಆಕ್ಸಾಲಿಕ್ ಪುಡಿಯೂ ಹೊಟ್ಟೆಗೆ ಹೋದರೆ ವಿಷವೇ. ಕೆಲಸ ಮುಗಿದ ಮೇಲೆ ಉಳಿದ ಪುಡಿಯನ್ನು ಮನೆಯಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಮಕ್ಕಳಿಗೆ ಅದು ಸಕ್ಕರೆಯಂತೆ ಕಾಣುತ್ತದೆ.

ಪಾಲಿಶಿನ ನಂತರ ರಂಧ್ರಗಳನ್ನು ತುಂಬುವ ಸೀಲರ್ ಎಂಬ ದ್ರವ ಹಚ್ಚಿಸಬಹುದು. ನೆಲದ ಮೇಲೆ ಹನಿ ನೀರು ಬಿಟ್ಟು ಹತ್ತು ನಿಮಿಷ ನೋಡಿ. ಆ ಜಾಗ ಕಪ್ಪಾದರೆ ಕಲ್ಲು ಕುಡಿಯುತ್ತಿದೆ, ಸೀಲರ್ ಬೇಕು ಎಂದು ತಿಳಿಯಿರಿ. ಆದರೆ ಅದು ಕಲೆಯನ್ನು ತಡೆದೀತೇ ಹೊರತು ಹುಳಿಯನ್ನು ತಡೆಯದು.

ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಕಲ್ಲು ಕೆಟ್ಟರೆ ಪಾಲಿಶ್ ಇದೆ. ಜೀವಕ್ಕೆ ಅಂತಹ ಉಪಾಯವಿಲ್ಲ.

ಮೊದಲನೆಯದು, ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಂದೇ ಜಾಗದಲ್ಲಿ, ಒಂದೇ ದಿನ ಬಳಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಅದು ಗಾಳಿಗಿಂತ ಭಾರವಾದದ್ದರಿಂದ ಕಿರಿದಾದ ಬಚ್ಚಲಿನ ತಳದಲ್ಲಿ, ಬಗ್ಗಿ ಕೆಲಸ ಮಾಡುವವರ ಮುಖದ ಮಟ್ಟದಲ್ಲೇ ನಿಲ್ಲುತ್ತದೆ. ಅಂತಹದು ಆದರೆ ತಕ್ಷಣ ಆ ವ್ಯಕ್ತಿಯನ್ನು ಬಯಲಿಗೆ ತನ್ನಿ. ಕಣ್ಣು ಉರಿದರೆ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆಯಿರಿ. ಕೆಮ್ಮು ನಿಂತಿತೆಂದು ಸುಮ್ಮನಿರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಲಸದವರಿಗೆ ಬಾಟಲಿ ಕೊಡುವ ಮುಂಚೆ ಚೀಟಿಯನ್ನು ನೀವು ಓದಿ, ಅವರಿಗೂ ಓದಿ ಹೇಳಿ.

ಎರಡನೆಯದು, ಜಾರುವಿಕೆ. ಮಳೆ ಹಿಡಿಯುವ ಮುಂಚಿನ ಸೆಖೆಯ ದಿನಗಳಲ್ಲಿ ತಣ್ಣನೆಯ ಕಲ್ಲಿನ ಮೇಲೆ ಗಾಳಿಯ ತೇವ ಕೂತು ನೆಲ ಬೆವರುತ್ತದೆ. ಕಣ್ಣಿಗೆ ಕಾಣದ ಈ ಪಸೆಯಲ್ಲಿ ವಯಸ್ಸಾದವರು ಜಾರಿ ಸೊಂಟದ ಮೂಳೆ ಮುರಿದುಕೊಳ್ಳಬಹುದು. ಆ ದಿನಗಳಲ್ಲಿ ಒಣಬಟ್ಟೆಯಿಂದ ಆಗಾಗ ಒರೆಸಿ, ಹಿರಿಯರು ಓಡಾಡುವ ಕಡೆ ಜಾರದ ಚಾಪೆ ಹಾಸಿ. ಹೊಸದಾಗಿ ಕಟ್ಟಿಸುವವರು ಮೆಟ್ಟಿಲಿಗೂ ಬಚ್ಚಲಿಗೂ ಹೊಳಪಿನ ಅಮೃತಶಿಲೆ ಹಾಕಿಸದೆ, ಒರಟು ಮೈಯ ಗ್ರಾನೈಟು ಹಾಕಿಸುವುದು ಕ್ಷೇಮ.

ಮುಗಿಸುವ ಮುನ್ನ

ನಮ್ಮ ದೇವರ ಮನೆಯ ನೆಲವನ್ನು ಮತ್ತೆ ಪಾಲಿಶ್ ಮಾಡಿಸಲಿಲ್ಲ. ಮಾಡಿಸೋಣವೆಂದು ನಾವು ಹೇಳಿದಾಗ ಮನೆಯವರು, "ಹಾಗೇ ಇರಲಿ, ನೋಡಿದಾಗಲೆಲ್ಲ ನೆನಪಾಗಲಿ" ಎಂದರು. ಆ್ಯಸಿಡ್ಡಿನ ಬಾಟಲಿ ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ. ಸುಣ್ಣ ತೋಟದಲ್ಲಿ ಹುಳಿಯೊಡನೆ ಹೋರಾಡಲಿ, ಅದು ಅದರ ಕೆಲಸ. ಮನೆಯೊಳಗೆ ಅದನ್ನು ಹುಳಿಯಿಂದ ಕಾಪಾಡುವುದು ನಮ್ಮ ಕೆಲಸ. ಸದಸ್ಯರು ಈ ಲೇಖನವನ್ನು ತಾವು ಓದಿ ಮಡಿಸಿಡದೆ, ಮನೆಯಲ್ಲಿ ನೆಲ ಒರೆಸುವವರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ